ಗುಂಪು ಓದು: ಸರದಿಗೆ ಕಾಯಿಸುವುದನ್ನು ನಿಲ್ಲಿಸಿ

ಒಂದು ಮಗು ಗಟ್ಟಿಯಾಗಿ ಓದುತ್ತದೆ, ಉಳಿದವು ಸಾಲಿನ ಮೇಲೆ ಬೆರಳಿಟ್ಟುಕೊಂಡು ತಮ್ಮ ಸರದಿಗೆ ಕಾಯುತ್ತವೆ. ಪ್ರಾಥಮಿಕ ಶಾಲೆಗಳಲ್ಲಿ ಗುಂಪು ಓದು ಎಂದರೆ ಸಾಮಾನ್ಯವಾಗಿ ಇದೇ. 5 ಮಕ್ಕಳ ಗುಂಪು 15 ನಿಮಿಷ ಓದಿದರೆ ಒಬ್ಬೊಬ್ಬರ ಪಾಲಿಗೆ ಬರುವುದು 3 ನಿಮಿಷ. ಬಾಕಿ 12 ನಿಮಿಷ ಮಗು ತನಗೆ ಯಾವ ಪ್ಯಾರಾ ಬರುತ್ತದೆಂದು ಲೆಕ್ಕ ಹಾಕುತ್ತಿರುತ್ತದೆ, ಇಲ್ಲವೇ ಕಿಟಕಿಯಾಚೆ ಮಳೆ ನೋಡುತ್ತಿರುತ್ತದೆ. ಮಕ್ಕಳಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ ಎಂದು ದೂರುವ ಮೊದಲು ಈ ಕಾಯಿಸುವ ಪದ್ಧತಿ ಬಿಡಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಹಳ್ಳಿಗಳಲ್ಲಿ ಒಬ್ಬಿಬ್ಬರೇ ಶಿಕ್ಷಕರು ಎಲ್ಲ ತರಗತಿ ನೋಡಿಕೊಳ್ಳುವ ಶಾಲೆಗಳಲ್ಲೂ ಇದು ಆಗುವ ಕೆಲಸವೇ.

ಮೊದಲು ಗುಂಪು ಕಟ್ಟಿ

ತರಗತಿ ನೋಡಿ ಅಲ್ಲ, ಓದು ನೋಡಿ ಗುಂಪು ಮಾಡಿ. ಒಂದು ಗುಂಪಿಗೆ 4ರಿಂದ 5 ಮಕ್ಕಳು ಸಾಕು. ಪ್ರತಿ ಮಗುವನ್ನೂ ಪಕ್ಕಕ್ಕೆ ಕರೆದು, ಅದು ಹಿಂದೆ ನೋಡಿರದ 50 ಪದಗಳ ತುಣುಕೊಂದನ್ನು ಓದಿಸಿ. ತಪ್ಪು ಎರಡರೊಳಗಿದ್ದರೆ ಅಂಥ ಪುಸ್ತಕವನ್ನು ಮಗು ತಾನೇ ಓದಿಕೊಳ್ಳುತ್ತದೆ. 3ರಿಂದ 5 ತಪ್ಪಾದರೆ ಗುಂಪಿನಲ್ಲಿ ಓದಿಸಲು ಸರಿಯಾದ ಮಟ್ಟ. 5 ದಾಟಿದರೆ ಸುಲಭದ ಪುಸ್ತಕ ಕೊಡಿ. ತಪ್ಪು ಎಣಿಸಿದರೆ ಮುಗಿಯಲಿಲ್ಲ, ಅದು ಯಾವ ಬಗೆಯದು ಎಂದೂ ಬರೆದುಕೊಳ್ಳಿ. ಒತ್ತಕ್ಷರ ನುಂಗುವ ಮಗು, ಹ್ರಸ್ವ ದೀರ್ಘ ಬೆರೆಸುವ ಮಗು, ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸುವ ಮಗು, ಮೂವರಿಗೂ ಬೇಕಾದ ಸಹಾಯ ಬೇರೆಬೇರೆ.

ಆರು ವಾರಕ್ಕೊಮ್ಮೆ ಗುಂಪು ಬದಲಿಸಿ. ಹೂವಿನ ಹೆಸರಿಟ್ಟರೂ ಹಣ್ಣಿನ ಹೆಸರಿಟ್ಟರೂ ಯಾವುದು ಹಿಂದುಳಿದವರ ಗುಂಪು ಎಂದು ಮಕ್ಕಳಿಗೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಅಲ್ಲೇ ವರ್ಷವಿಡೀ ಕೂರಿಸಿದರೆ ಮಗು ಬಾಯಿಯೇ ಬಿಡುವುದಿಲ್ಲ.

ಪುಸ್ತಕ ಇಬ್ಬರಿಗೊಂದಾದರೂ ಇರಲಿ. ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು 4 ಹಂತಗಳಲ್ಲಿವೆ. ಉಚಿತವಾಗಿ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು.

ಉಳಿದ ಮಕ್ಕಳು ಏನು ಮಾಡಬೇಕು?

ಗುಂಪು ಓದು ಹಾಳಾಗುವುದು ಹೆಚ್ಚಾಗಿ ಇಲ್ಲೇ. ನೀವು ಒಂದು ಗುಂಪಿನ ಜೊತೆ ಕುಳಿತ ಎರಡೇ ನಿಮಿಷಕ್ಕೆ ಉಳಿದವರು "ಟೀಚರ್, ಮುಗೀತು" ಎಂದು ಬಂದು ನಿಲ್ಲುತ್ತಾರೆ. ಆದ್ದರಿಂದ ಅವರಿಗೆ ಕೊಡುವ ಕೆಲಸ ನಿಮ್ಮನ್ನು ಕೇಳದೇ ಮಾಡುವಂಥದ್ದಿರಲಿ: ನಿನ್ನೆ ಓದಿದ ಕಥೆಯನ್ನೇ ಜೋಡಿಯಲ್ಲಿ ಮತ್ತೆ ಓದುವುದು, ಕಥೆಯ ಚಿತ್ರ ಬರೆದು ಕೆಳಗೆ ಎರಡು ವಾಕ್ಯ ಸೇರಿಸುವುದು, ಪದಚೀಟಿ ಜೋಡಿಸುವುದು. ಪಾಠ ನೋಡಿ ನಕಲು ಮಾಡುವ ಕೆಲಸ ಬೇಡ, ಅದರಲ್ಲಿ ಕೈ ಓಡುತ್ತದೆ, ತಲೆ ಓಡುವುದಿಲ್ಲ. ಒಂದರಿಂದ ಮೂರನೇ ತರಗತಿಯವರಿಗೆ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ನಲಿ-ಕಲಿ ಪದ್ಧತಿಯಿಂದ ಗುಂಪಿನ ಅಭ್ಯಾಸ ಇರುತ್ತದೆ. ನಾಲ್ಕು, ಐದರಲ್ಲಿ ಅದು ತಪ್ಪಿಹೋಗಿದ್ದರೆ ಮೊದಲ ವಾರ ಓದು ಬಿಟ್ಟು ಈ ಕ್ರಮವನ್ನಷ್ಟೇ ರೂಢಿ ಮಾಡಿಸಿ.

ಓದಿಸುವ 20 ನಿಮಿಷ

ಮಕ್ಕಳನ್ನು ಅರ್ಧ ವೃತ್ತದಲ್ಲಿ ಕೂರಿಸಿ, ಎಲ್ಲರ ಪುಸ್ತಕವೂ ನಿಮ್ಮ ಕೈಗೆ ಎಟುಕುವಂತಿರಲಿ. ಆಷಾಢದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ದೂರ ಕೂತರೆ ಏನೂ ಕೇಳದು. ಮೋಡ ಮುಸುಕಿ ಕರೆಂಟೂ ಹೋದ ದಿನ ಬಾಗಿಲ ಬಳಿ, ಎರಚಲು ಬೀಳದಷ್ಟು ಒಳಗೆ ಕೂರಿಸಿ.

ಮೊದಲ 3 ನಿಮಿಷ ಮುಖಪುಟ ನೋಡಿ ಮಾತು. ಕಷ್ಟದ ಎರಡು ಮೂರು ಪದ ಮೊದಲೇ ಹೇಳಿಕೊಡಿ, ಅದಕ್ಕಿಂತ ಹೆಚ್ಚು ಬೇಡ. ಮುಂದಿನ 10 ನಿಮಿಷ ಎಲ್ಲರೂ ಒಟ್ಟಿಗೆ, ಆದರೆ ತಮ್ಮತಮ್ಮ ವೇಗದಲ್ಲಿ, ಪಿಸುದನಿಯಲ್ಲಿ ಓದಲಿ. ಅರ್ಧ ನಿಮಿಷದ ಅಂತರದಲ್ಲಿ ಒಬ್ಬೊಬ್ಬರಾಗಿ ಶುರುಮಾಡಿದರೆ ಒಬ್ಬರ ದನಿ ಹಿಡಿದು ಇನ್ನೊಬ್ಬರು ಹೋಗುವುದು ತಪ್ಪುತ್ತದೆ. ನೀವು ಒಂದು ಮಗುವಿನ ಕಡೆ ಬಾಗಿ, "ನಂಗೆ ಕೇಳುವ ಹಾಗೆ ಓದು" ಎನ್ನಿ. ನಾಲ್ಕೈದು ಸಾಲು ಕೇಳಿ ಮುಂದಿನ ಮಗುವಿನತ್ತ ಹೋಗಿ. ಬೇಗ ಮುಗಿಸಿದವರು ಮೊದಲಿಂದ ಓದಲಿ. ಎರಡನೇ ಓದಿನಲ್ಲೇ ಮಾತಿನ ಧಾಟಿ ಬರುವುದು.

ಮಗು ತಡವರಿಸಿದರೆ ಕೂಡಲೇ ಪದ ಹೇಳಿಬಿಡಬೇಡಿ, ಮನಸ್ಸಿನಲ್ಲೇ ಐದು ಎಣಿಸಿ. ಪಕ್ಕದವರು ಬಾಯಿ ಹಾಕದಂತೆ ನೋಡಿಕೊಳ್ಳಿ. ಉದಾಹರಣೆಗೆ, "ಕಟ್ಟೆ"ಯನ್ನು "ಕಟೆ" ಎಂದು ಓದಿತು ಎನ್ನಿ. ಕೆಳಗಿನ ಒತ್ತನ್ನು ಚೀಟಿಯ ತುದಿಯಿಂದ ಮುಚ್ಚಿ, "ಈಗ ಓದು" ಎನ್ನಿ. ಚೀಟಿ ಸರಿಸಿ, "ಈಗ?" ಎಂದು ಕೇಳಿ. ನಂತರ ಇಡೀ ವಾಕ್ಯ ಓದಿಸಿ. ಬಿಡಿ ಪದ ತಿದ್ದಿ ಬಿಟ್ಟರೆ ಕಥೆಯ ಎಳೆ ಕಡಿದು ಮಗುವಿನ ಉತ್ಸಾಹ ಅಲ್ಲೇ ಇಳಿಯುತ್ತದೆ.

ಕೊನೆಯ 7 ನಿಮಿಷ ಮಾತುಕತೆ. ಹೆಸರು ಕರೆದು ಪ್ರಶ್ನೆ ಕೇಳಿದರೆ ಉಳಿದ ನಾಲ್ವರು ನಿರಾಳ. ಪ್ರಶ್ನೆ ಮೊದಲು, ಹೆಸರು ಆಮೇಲೆ, ನಡುವೆ ಕನಿಷ್ಠ 3 ಸೆಕೆಂಡು ಮೌನ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ, 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಮಾತಾಡುತ್ತಾರೆ ಎಂಬುದನ್ನು ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಸ್ಲೇಟು ಇದ್ದರೆ ಇನ್ನೂ ಒಳ್ಳೆಯದು: "ಮುಂದೆ ಎಂತ ಆಗ್ತದೆ?" ಎಂದು ಕೇಳಿ, ಎಲ್ಲರೂ ಒಂದೊಂದು ಪದ ಬರೆದು ಒಮ್ಮೆಗೇ ಎತ್ತಿ ತೋರಿಸಲಿ. ಮನೆಯಲ್ಲಿ ಕೊಂಕಣಿ, ಉರ್ದು, ಲಂಬಾಣಿ ಆಡುವ ಮಗು ಮೊದಲು ತನ್ನ ಮಾತಿನಲ್ಲೇ ಹೇಳಲಿ. ಕನ್ನಡದಲ್ಲೇ ಹೇಳು ಎಂದು ತಡೆದರೆ ಕಥೆ ಅರ್ಥವಾದ ಮಗುವೂ ಅರ್ಥವಾಗದಂತೆ ಕೂರುತ್ತದೆ.

ಹಳ್ಳ ತುಂಬಿ ಸಂಕ (ಕಾಲುಸೇತುವೆ) ದಾಟಲಾಗದ ದಿನ 5 ಮಕ್ಕಳ ಗುಂಪಿಗೆ ಇಬ್ಬರೇ ಬರಬಹುದು. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ಒಂದೇ ಕೂರಿಕೆಯಲ್ಲಿ ಮುಗಿಯುವ ಕಥೆ ಆರಿಸಿ, ಕಂತಿನ ಓದು ಮಳೆ ನಿಂತ ಮೇಲೆ ಇಟ್ಟುಕೊಳ್ಳಿ. ಯಾರು ಮಾತಾಡಲಿಲ್ಲ ಎಂದು ದಿನವೂ ಪುಸ್ತಕದ ಅಂಚಿನಲ್ಲಿ ಗುರುತು ಹಾಕಿ, ಮರುದಿನ ಮೊದಲು ಬಾಗುವುದು ಆ ಮಗುವಿನ ಕಡೆಗೇ ಆಗಲಿ.