ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟ ನೋವು: ಹೆರಿಗೆಯ ನಂತರ ಪಿತ್ತಕೋಶದ ಕಲ್ಲು

ಮಗಳು ಹುಟ್ಟಿ ಆರು ವಾರವಾಗಿತ್ತು. ರಾತ್ರಿ ಒಂದೂವರೆಗೆ ಹಾಲು ಕುಡಿಸಿ, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸುತ್ತಿದ್ದಾಗ, ಎದೆಗೂಡು ಮುಗಿದು ಹೊಟ್ಟೆ ಶುರುವಾಗುವ ಜಾಗದಲ್ಲಿ ಯಾರೋ ಒಳಗಿನಿಂದ ಮುಷ್ಟಿ ಬಿಗಿದು ಒತ್ತಿದಂತಹ ನೋವು ಕಾಣಿಸಿಕೊಂಡಿತು. ಹತ್ತು ಹದಿನೈದು ನಿಮಿಷಗಳಲ್ಲಿ ಅದು ಬಲಪಕ್ಕೆಲುಬಿನ ಕೆಳಗೆ ಹಬ್ಬಿ, ಅಲ್ಲಿಂದ ಬೆನ್ನಿಗೆ ದಾಟಿ, ಬಲಭುಜದ ಹಿಂದೆ ನೆಲೆ ನಿಂತಿತು. ಕುಳಿತರೂ ಮಲಗಿದರೂ ಮಂಡಿಯೂರಿ ಬಗ್ಗಿದರೂ ಒಂದಿಷ್ಟೂ ತಗ್ಗಲಿಲ್ಲ. ಹೆರಿಗೆನೋವು ನನಗೆ ಇನ್ನೂ ಚೆನ್ನಾಗಿ ನೆನಪಿದ್ದ ಕಾಲವದು. ಆ ನೋವಿಗೆ ನಡುನಡುವೆ ಬಿಡುವಾದರೂ ಇತ್ತು, ಉಸಿರು ತೆಗೆದುಕೊಳ್ಳಲು ಅವಕಾಶವಿತ್ತು. ಇದು ಏರಿದ ಮೇಲೆ ಏರಿದ ಮಟ್ಟದಲ್ಲೇ ನಿಂತುಬಿಟ್ಟಿತು. ನಾಲ್ಕು ಗಂಟೆಯ ಹೊತ್ತಿಗೆ, ಬಂದಷ್ಟೇ ನಿಗೂಢವಾಗಿ ಇಳಿದುಹೋಯಿತು. ಬೆಳಗ್ಗೆ ಎದ್ದಾಗ ಪಕ್ಕೆಯಲ್ಲಿ ಏಟು ಬಿದ್ದಂತಹ ಸಣ್ಣ ನೋವು ಮಾತ್ರ ಉಳಿದಿತ್ತು.

ಅದಕ್ಕೆ ಕಾರಣ ಹುಡುಕುವುದು ಯಾರಿಗೂ ಕಷ್ಟವಾಗಲಿಲ್ಲ. ಅಮ್ಮ ಗ್ಯಾಸ್ಟ್ರಿಕ್ ಎಂದರು. ಅತ್ತೆಯವರು, ಮಗುವನ್ನು ಒಂದೇ ಹೆಗಲ ಮೇಲೆ ಎತ್ತಿಕೊಂಡು ಬೆನ್ನು ಹಿಡಿದಿದೆ ಎಂದರು. ನಿದ್ದೆಗೆಟ್ಟಿರುವುದರಿಂದ ಎಂದು ನನ್ನ ಪತಿ ಹೇಳಿದರು. ಬಾಣಂತಿಯ ದೇಹದಲ್ಲಿ ಏನೇ ಆದರೂ ಅದಕ್ಕೆ ಹೆರಿಗೆಯೇ ಕಾರಣವೆಂದು ಹೇಳಿಬಿಡಬಹುದು, ಹಾಗೆ ಹೇಳಿದ ಮೇಲೆ ಮತ್ತೆ ಯಾರೂ ಪ್ರಶ್ನಿಸುವುದಿಲ್ಲ. ನಾನೂ ಪ್ರಶ್ನಿಸಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಎರಡನೇ ಸಲ ನೋವು ಬಂದ ಮೇಲೆ ವೈದ್ಯರೊಬ್ಬರ ಬಳಿ ಹೋದಾಗ, ಅವರು ಏನು ತೊಂದರೆ ಎಂದು ಕೇಳುವ ಮೊದಲೇ, "ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ ಡಾಕ್ಟ್ರೇ" ಎಂದು ನಾನೇ ಹೇಳಿಬಿಟ್ಟಿದ್ದೆ. ಅವರು ಹೊಟ್ಟೆ ಮುಟ್ಟಿ ನೋಡದೆಯೇ ಆಮ್ಲ ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ಅದನ್ನು ತಪ್ಪದೆ ಮೂರು ವಾರ ನುಂಗಿದೆ. ನೋವು ಮತ್ತೆ ಎರಡು ಸಲ ಬಂತು.

ನನ್ನನ್ನು ಸರಿದಾರಿಗೆ ತಂದದ್ದು ಮಗಳ ನೋಟ್‌ಬುಕ್ಕು. ಅವಳು ಎಷ್ಟು ಹೊತ್ತಿಗೆ ಹಾಲು ಕುಡಿದಳು, ಯಾವ ಕಡೆಯಿಂದ ಕುಡಿದಳು, ಎಷ್ಟು ಸಲ ಬಟ್ಟೆ ಒದ್ದೆ ಮಾಡಿದಳು ಎಂಬುದನ್ನೆಲ್ಲ ಮೊದಲ ದಿನದಿಂದ ಅದರಲ್ಲಿ ಬರೆದಿಡುತ್ತಿದ್ದೆ. ಪ್ರತಿ ಪುಟದ ಎಡಕ್ಕೆ ಕೆಂಪು ಗೆರೆಯಾಚೆ ಒಂದೂವರೆ ಬೆರಳಿನಷ್ಟು ಅಂಚು ಖಾಲಿಯಿತ್ತು. ನೋವು ಬಂದ ರಾತ್ರಿಗಳಲ್ಲಿ ಕೈಗೆ ಪೆನ್ನು ಹೇಗೂ ಸಿಗುತ್ತಿದ್ದುದರಿಂದ ಆ ಅಂಚಿನಲ್ಲಿ "ನೋವು 1.30–4" ಎಂದು ಗೀಚಿಟ್ಟಿದ್ದೆ. ನಾಲ್ಕನೆಯ ಸಲ ಬರೆಯುವಾಗ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ನಾಲ್ಕೂ ಸಲ ನೋವು ರಾತ್ರಿಯೇ ಬಂದಿತ್ತು. ನಾಲ್ಕೂ ಸಲ ಎರಡು ಗಂಟೆಗಿಂತ ಹೆಚ್ಚು, ಐದು ಗಂಟೆಗಿಂತ ಕಡಿಮೆ ಇತ್ತು. ನಾಲ್ಕೂ ದಿನ ರಾತ್ರಿಯೂಟ ತಡವಾಗಿ, ಹೊಟ್ಟೆ ಬಿರಿಯುವಷ್ಟು, ಕರಿದ ಪದಾರ್ಥದೊಡನೆ ಆಗಿತ್ತು. ಹಾಲೂಡಿಸುವವಳಿಗೆ ಹಸಿವು ಹೆಚ್ಚು, ದಿನವಿಡೀ ಮಗುವಿನ ಕೆಲಸದಲ್ಲಿ ಊಟ ತಪ್ಪಿಸಿಕೊಂಡು ರಾತ್ರಿ ಎಲ್ಲವನ್ನೂ ಸೇರಿಸಿ ತಿನ್ನುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಆ ಪುಸ್ತಕವನ್ನೇ ಹಿಡಿದುಕೊಂಡು ಇನ್ನೊಬ್ಬ ವೈದ್ಯರ ಬಳಿ ಹೋದೆ. ಈ ಸಲ ನನ್ನ ತೀರ್ಮಾನವನ್ನು ಬಾಯಿಬಿಟ್ಟು ಹೇಳದೆ, ಅಂಚಿನಲ್ಲಿದ್ದುದನ್ನು ಮಾತ್ರ ಓದಿದೆ. ಅವರು ನನ್ನನ್ನು ಮಲಗಿಸಿ, ಬಲಪಕ್ಕೆಲುಬಿನ ಅಂಚಿನ ಕೆಳಗೆ ಬೆರಳುಗಳನ್ನು ಊರಿ, "ನಿಧಾನವಾಗಿ ಉಸಿರು ಒಳಗೆ ಎಳೆದುಕೊಳ್ಳಿ" ಎಂದರು. ಅರ್ಧಕ್ಕೇ ನನ್ನ ಉಸಿರು ಕಚ್ಚಿಕೊಂಡಿತು. ಉಸಿರೆಳೆದಾಗ ಯಕೃತ್ತು ಕೆಳಗಿಳಿಯುತ್ತದೆ, ಅದರ ಅಡಿಯಲ್ಲಿ ಅಂಟಿಕೊಂಡಿರುವ ಪಿತ್ತಕೋಶ ಬೆರಳಿಗೆ ತಾಗುತ್ತದೆ, ಅದು ಕೆರಳಿದ್ದರೆ ಉಸಿರು ಅಲ್ಲೇ ನಿಲ್ಲುತ್ತದೆ ಎಂದು ಅವರು ವಿವರಿಸಿದರು. ಮರುದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನಿಂಗ್ ಆಯಿತು. ಏನಾದರೂ ತಿಂದಿದ್ದರೆ ಪಿತ್ತಕೋಶ ಕುಗ್ಗಿ, ಒಳಗಿರುವುದು ಸರಿಯಾಗಿ ಕಾಣುವುದಿಲ್ಲವಂತೆ. ಅದಕ್ಕಾಗಿ ಆರರಿಂದ ಎಂಟು ಗಂಟೆಗಳ ಉಪವಾಸ. ಸ್ಕ್ಯಾನ್ ಮಾಡುತ್ತಿದ್ದವರು ಎಡಮಗ್ಗುಲಿಗೆ ತಿರುಗಲು ಹೇಳಿ ಪರದೆಯನ್ನು ನನ್ನ ಕಡೆಗೆ ವಾಲಿಸಿದರು. ಕಪ್ಪನೆಯ ಚೀಲದೊಳಗೆ ಬಿಳಿಯ ಕಾಳುಗಳು ಉರುಳಿ ಇನ್ನೊಂದು ಬದಿಗೆ ಬಂದು ನಿಂತವು. ಪ್ರತಿಯೊಂದರ ಹಿಂದೆಯೂ ಬಾಲದಂತೆ ಕಪ್ಪು ನೆರಳು. ಅಲುಗುವುದು ಮತ್ತು ನೆರಳು ಬೀಳುವುದು, ಈ ಎರಡರಿಂದ ಅದು ಕಲ್ಲೆಂದು ಖಚಿತವಾಗುತ್ತದೆ. ದೊಡ್ಡದು 14 ಮಿಲಿಮೀಟರ್, ಜೊತೆಗೆ ಹಲವು ಚಿಕ್ಕವು ಎಂದು ವರದಿಯಲ್ಲಿತ್ತು.

ಅಷ್ಟೆಲ್ಲ ಆರೋಗ್ಯವಾಗಿದ್ದ ನನಗೆ ಇದು ಹೇಗೆ ಬಂತೆಂಬ ಪ್ರಶ್ನೆಗೆ ಉತ್ತರ ಮತ್ತೆ ಬಸಿರಿನಲ್ಲೇ ಇತ್ತು. ಆ ಮಟ್ಟಿಗೆ ಮನೆಯವರು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ತಯಾರಿಸುತ್ತದೆ. ಊಟಗಳ ನಡುವೆ ಅದರ ಒಂದು ಭಾಗ ಪಿತ್ತಕೋಶದಲ್ಲಿ ಸೇರಿ ಗಟ್ಟಿಯಾಗುತ್ತದೆ. ಜಿಡ್ಡಿನ ಆಹಾರ ಸಣ್ಣ ಕರುಳಿಗೆ ಇಳಿದಾಗ ಅಲ್ಲಿಂದ ಹೊರಡುವ ಹಾರ್ಮೋನೊಂದು ಪಿತ್ತಕೋಶವನ್ನು ಹಿಂಡಿ ಅದನ್ನು ಹೊರಹಾಕಿಸುತ್ತದೆ. ಬಸಿರಿನಲ್ಲಿ ಏರುವ ಈಸ್ಟ್ರೊಜನ್ ಪಿತ್ತರಸದಲ್ಲಿ ಕೊಲೆಸ್ಟರಾಲನ್ನು ಹೆಚ್ಚಿಸಿದರೆ, ಪ್ರೊಜೆಸ್ಟರಾನ್ ಪಿತ್ತಕೋಶದ ಸ್ನಾಯುವನ್ನು ಸಡಿಲಗೊಳಿಸಿ ಹಿಂಡುವ ಕೆಲಸವನ್ನು ಮಂದಗೊಳಿಸುತ್ತದೆ. ಕೊಲೆಸ್ಟರಾಲ್ ಹೆಚ್ಚಿದ ರಸ ಹೊರಹೋಗದೆ ತಿಂಗಳುಗಟ್ಟಲೆ ನಿಂತರೆ ತಳದಲ್ಲಿ ಕೆಸರು ಕೂಡುತ್ತದೆ. ಎಷ್ಟೋ ಜನರಲ್ಲಿ ಹೆರಿಗೆಯಾದ ಮೇಲೆ ಆ ಕೆಸರು ತಾನಾಗಿಯೇ ಕರಗಿಹೋಗುತ್ತದೆ, ಕೆಲವರಲ್ಲಿ ಕಲ್ಲಾಗಿ ಉಳಿಯುತ್ತದೆ. ಹೆರಿಗೆಯ ನಂತರ ಪಿತ್ತಕೋಶ ಮತ್ತೆ ಬಲವಾಗಿ ಹಿಂಡತೊಡಗುವುದರಿಂದ, ಅಲ್ಲಿಯವರೆಗೆ ಸುಮ್ಮನಿದ್ದ ಕಲ್ಲು ನಾಳದ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ. ನನ್ನ ರಾತ್ರಿಯ ಮುಷ್ಟಿ ಅದೇ: ಮುಚ್ಚಿದ ಬಾಯಿಯ ವಿರುದ್ಧ ಹಿಂಡುತ್ತಿರುವ ಪಿತ್ತಕೋಶ. ಕಲ್ಲು ಹಿಂದಕ್ಕೆ ಉರುಳಿದೊಡನೆ ನೋವು ಮಾಯ.

ಕಲ್ಲು ಎಂದೊಡನೆ ಜನರಿಗೆ ನೆನಪಾಗುವುದು ಕಿಡ್ನಿ ಕಲ್ಲು. ಸುದ್ದಿ ತಿಳಿದ ಪ್ರತಿಯೊಬ್ಬರೂ ಚೆನ್ನಾಗಿ ನೀರು ಕುಡಿ, ಕರಗಿಹೋಗುತ್ತದೆ ಎಂದು ಹೇಳಿದವರೇ. ಎರಡಕ್ಕೂ ಹೆಸರೊಂದನ್ನು ಬಿಟ್ಟರೆ ಸಂಬಂಧವಿಲ್ಲ. ಕುಡಿದ ನೀರು ಮೂತ್ರದ ದಾರಿಯನ್ನು ತೊಳೆಯುತ್ತದೆಯೇ ಹೊರತು ಪಿತ್ತಕೋಶವನ್ನು ತೊಳೆಯುವುದಿಲ್ಲ. ಇನ್ನೊಬ್ಬರು ಒಂದು ಲೋಟ ಎಣ್ಣೆಗೆ ಹುಳಿ ಹಣ್ಣಿನ ರಸ ಬೆರೆಸಿ ಕುಡಿಯಲು ಹೇಳಿ, ತಮಗೆ ಮರುದಿನ ಮಲದಲ್ಲಿ ಹಸಿರು ಕಲ್ಲುಗಳು ಬಿದ್ದವೆಂದು ಆಣೆ ಹಾಕಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಆದರೆ ಅವರಿಗೆ ಕಂಡದ್ದು ಕಲ್ಲಲ್ಲ. ಅಷ್ಟು ಎಣ್ಣೆ ಹೊಟ್ಟೆಯೊಳಗೆ ಸಾಬೂನಿನಂತೆ ಉಂಡೆಗಟ್ಟಿ ಹೊರಬರುತ್ತದೆ; ಅವರ ಪಿತ್ತಕೋಶದ ಕಲ್ಲು ಇದ್ದಲ್ಲೇ ಇತ್ತು. ಕಲ್ಲಿದ್ದವಳು ಒಂದು ಲೋಟ ಎಣ್ಣೆ ಕುಡಿಯುವುದೆಂದರೆ ನೋವಿಗೆ ಕೈಯಾರೆ ಆಹ್ವಾನ ಕೊಟ್ಟಂತೆ.

ಮಾತ್ರೆಯಿಂದ ಕರಗಿಸಲಾಗದೇ ಎಂದು ನಾನೂ ಕೇಳಿದೆ. ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಎಂಬ ಔಷಧವಿದೆ, ಆದರೆ ಅದು ಸುಣ್ಣಗಟ್ಟದ ಸಣ್ಣ ಕೊಲೆಸ್ಟರಾಲ್ ಕಲ್ಲುಗಳನ್ನು ಮಾತ್ರ ಕರಗಿಸುತ್ತದೆ, ಅದಕ್ಕೂ ಆರು ತಿಂಗಳಿಂದ ಎರಡು ವರ್ಷ ಹಿಡಿಯುತ್ತದೆ, ನಿಲ್ಲಿಸಿದ ಮೇಲೆ ಬಹಳ ಜನರಲ್ಲಿ ಕಲ್ಲು ಮತ್ತೆ ಮೂಡುತ್ತದೆ. ನೋವು ಕೊಡುತ್ತಿರುವ ಕಲ್ಲಿಗೆ ಪಿತ್ತಕೋಶವನ್ನೇ ತೆಗೆಯುವುದು ಸರಿಯಾದ ಪರಿಹಾರವೆಂದು ಶಸ್ತ್ರಚಿಕಿತ್ಸಕರು ಹೇಳಿದರು. ಮಗಳಿಗಾಗ ಮೂರು ತಿಂಗಳು. ಅವಳು ಎದೆಹಾಲನ್ನು ಬಿಟ್ಟು ಬೇರೇನನ್ನೂ ಕುಡಿಯುತ್ತಿರಲಿಲ್ಲ. ಜ್ವರವಿಲ್ಲ, ಕಾಮಾಲೆಯಿಲ್ಲ, ರಕ್ತಪರೀಕ್ಷೆ ಸರಿಯಾಗಿದೆ ಎಂಬ ಆಧಾರದ ಮೇಲೆ ಎರಡು ತಿಂಗಳು ಕಾಯಲು ಒಪ್ಪಿಗೆ ಪಡೆದೆ.

ಆ ಎರಡು ತಿಂಗಳ ಬದುಕಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಊಟದಲ್ಲಿ. ಜಿಡ್ಡು ಕೂಡದು ಎಂಬ ಮಾತನ್ನು ನಾನು ತಿನ್ನಲೇಕೂಡದು ಎಂಬಲ್ಲಿಗೆ ಎಳೆದುಕೊಂಡುಹೋದೆ. ಬೆಂದ ತರಕಾರಿ, ಅನ್ನ, ಮತ್ತೆ ಭಯ. ಎರಡು ವಾರದಲ್ಲಿ ನಾಲ್ಕು ಕಿಲೋ ಇಳಿದೆ, ನೋಡಿದವರೆಲ್ಲ ಬೇಗ ಸಣ್ಣಗಾದೆ ಎಂದು ಹೊಗಳಿದರು, ಒಳಗೊಳಗೇ ಹೆಮ್ಮೆಯೂ ಆಯಿತು. ಮರುಭೇಟಿಯಲ್ಲಿ ತೂಕ ನೋಡಿದ ವೈದ್ಯರು ಗದರಿಸಿದರು. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ಇಳಿದರೆ ದೇಹದ ಕೊಬ್ಬು ಕರಗಿ ಯಕೃತ್ತು ಪಿತ್ತರಸಕ್ಕೆ ಇನ್ನಷ್ಟು ಕೊಲೆಸ್ಟರಾಲನ್ನು ಸೇರಿಸುತ್ತದೆ. ಉಪವಾಸವಿದ್ದರೆ ಪಿತ್ತಕೋಶ ಹಿಂಡದೆ ರಸ ನಿಂತೇ ಇರುತ್ತದೆ. ಕಲ್ಲು ಬೆಳೆಯಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಅಂದಿನಿಂದ ಪದ್ಧತಿ ಬದಲಿಸಿದೆ. ದಿನಕ್ಕೆ ಐದು ಸಲ, ಪ್ರತಿ ಸಲವೂ ಚಿಕ್ಕ ತಟ್ಟೆಯಲ್ಲಿ. ಪ್ರತಿ ಊಟದಲ್ಲೂ ಒಂದು ಚಮಚದಷ್ಟು ಎಣ್ಣೆ ಇರಲಿ, ಆದರೆ ಕರಿದದ್ದು ಬೇಡ. ರಾತ್ರಿಯೂಟ ಎಂಟರೊಳಗೆ, ಐದು ಊಟಗಳಲ್ಲಿ ಅದೇ ಅತಿ ಹಗುರ. ಮಗಳಿಗೆ ಹಾಲುಕೊಡಲು ಕುಳಿತಾಗಲೆಲ್ಲ ಪಕ್ಕದಲ್ಲಿ ನನ್ನ ತಟ್ಟೆಯೂ ಇರುವಂತೆ ನೋಡಿಕೊಂಡೆ, ಇಬ್ಬರ ಸಮಯವೂ ಒಂದೇ ಪುಟದಲ್ಲಿ ದಾಖಲಾಗತೊಡಗಿತು. ಇದರಿಂದ ಕಲ್ಲು ಕರಗುವುದಿಲ್ಲ, ಆದರೆ ನೋವು ಬರುವುದು ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆ ಎಂಬಷ್ಟು ಇಳಿಯಿತು. ನೋವಿಗೆ ಹಾಲೂಡಿಸುವವರು ತೆಗೆದುಕೊಳ್ಳಬಹುದಾದ ಐಬುಪ್ರೊಫೆನ್ ಕೊಟ್ಟಿದ್ದರು. ಕೋಡೀನ್ ಇರುವ ಮಾತ್ರೆ ಬೇಡವೆಂದು ಒತ್ತಿ ಹೇಳಿದ್ದರು. ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆಯ ಯೋಚನೆಯನ್ನೂ ಅವರ ಸಲಹೆಯಂತೆ ಕೈಬಿಟ್ಟೆ.

ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೆ. ನೋವು ಐದು ಗಂಟೆ ದಾಟಿದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿ ಮಲ ಬಿಳಿಚಿಕೊಂಡರೆ, ವಾಂತಿ ನಿಲ್ಲದೆ ನೋವು ಬೆನ್ನಿಗೆ ಚುಚ್ಚಿದರೆ, ಯಾರನ್ನೂ ಕೇಳದೆ ಆಸ್ಪತ್ರೆಗೆ ಕರೆದೊಯ್ಯುವುದು. ವಿಚಿತ್ರವೆಂದರೆ ದೊಡ್ಡ ಕಲ್ಲಿಗಿಂತ ಚಿಕ್ಕವುಗಳ ಬಗ್ಗೆಯೇ ವೈದ್ಯರಿಗೆ ಚಿಂತೆ. ದೊಡ್ಡದು ಪಿತ್ತಕೋಶದೊಳಗೇ ಉಳಿಯುತ್ತದೆ. ಚಿಕ್ಕದು ಜಾರಿ ಮುಖ್ಯ ಪಿತ್ತನಾಳಕ್ಕೆ ಇಳಿದರೆ ಕಾಮಾಲೆ, ಮೇದೋಜೀರಕ ಗ್ರಂಥಿಯ ಬಾಯಿಗೆ ಅಡ್ಡವಾದರೆ ಅದರ ಉರಿಯೂತ. ಏಳನೇ ವಾರದಲ್ಲಿ ಒಂದು ರಾತ್ರಿ ನೋವು ಆರು ಗಂಟೆ ದಾಟಿತು. ಪತಿ ಚೀಟಿಯನ್ನು ನೋಡಿದರು, ಗಡಿಯಾರವನ್ನು ನೋಡಿದರು, ಮಾತಾಡದೆ ಮಗಳನ್ನು ಹೊದಿಕೆಯಲ್ಲಿ ಸುತ್ತಿಕೊಂಡರು. ಬೆಳಗಾಗುವಷ್ಟರಲ್ಲಿ ಪಿತ್ತಕೋಶದ ಗೋಡೆ ಬಾತುಕೊಂಡಿರುವುದು ಸ್ಕ್ಯಾನಿಂಗ್‌ನಲ್ಲಿ ಕಾಣಿಸಿತು. ಇನ್ನು ಕಾಯುವ ಮಾತು ಇರಲಿಲ್ಲ.

ಪಿತ್ತಕೋಶವನ್ನು ಮೊದಲು ತೆಗೆದದ್ದು 1882ರಲ್ಲಿ, ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಎಂಬ ಶಸ್ತ್ರಚಿಕಿತ್ಸಕ. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ ಸಣ್ಣ ರಂಧ್ರಗಳ ಮೂಲಕ ತೆಗೆಯುವ ವಿಧಾನ ಬಂದದ್ದು 1985ರಲ್ಲಿ, ಅದೂ ಜರ್ಮನಿಯಲ್ಲೇ. ನನಗೆ ಆದದ್ದು ಎರಡನೆಯದು, ನಾಲ್ಕು ರಂಧ್ರಗಳು. ಆದರೆ ಆ ದಿನ ನನ್ನ ತಲೆಯಲ್ಲಿದ್ದದ್ದು ಹಾಲಿನ ಲೆಕ್ಕ ಮಾತ್ರ. ಹಿಂಡಿ ಫ್ರೀಜರಿನಲ್ಲಿಟ್ಟಿದ್ದ ಹಾಲು ಆರು ಸಲಕ್ಕೆ ಸಾಕಾಗುವಷ್ಟಿತ್ತು. ಥಿಯೇಟರಿಗೆ ಹೋಗುವ ಮುನ್ನ ಕೊನೆಯ ಸಲ ಕುಡಿಸಿದೆ. ಅರಿವಳಿಕೆಯ ನಂತರ ಹಾಲನ್ನು ಒಂದು ದಿನ ಹಿಂಡಿ ಚೆಲ್ಲಬೇಕು ಎಂದು ಯಾರೋ ಹೆದರಿಸಿದ್ದರು. ಅರಿವಳಿಕೆ ತಜ್ಞೆ ನಕ್ಕು, "ನೀವು ಪೂರ್ತಿ ಎಚ್ಚರಾಗಿ ಮಗುವನ್ನು ಹಿಡಿದುಕೊಳ್ಳುವಷ್ಟು ಆದರೆ ಸಾಕಮ್ಮ, ಕುಡಿಸಿ" ಎಂದರು. ಸಂಜೆ ಐದಕ್ಕೆ ಕುಡಿಸಿದೆ. ಅವಳ ಕಾಲು ಗಾಯಗಳಿಗೆ ತಾಗದಂತೆ ಹೊಟ್ಟೆಯ ಮೇಲೆ ದಿಂಬಿಟ್ಟು, ಅವಳನ್ನು ಕಂಕುಳಡಿಯಲ್ಲಿ ಹಿಂದಕ್ಕೆ ಕಾಲುಚಾಚಿಸಿ ಹಿಡಿದುಕೊಳ್ಳುವುದನ್ನು ನರ್ಸ್ ತೋರಿಸಿಕೊಟ್ಟರು.

ಗಾಯಗಳಿಗಿಂತ ಹೆಚ್ಚು ಕಾಡಿದ್ದು ಬಲಭುಜದ ನೋವು. ಹೊಟ್ಟೆಯನ್ನು ಉಬ್ಬಿಸಲು ತುಂಬಿದ ಇಂಗಾಲದ ಡೈಆಕ್ಸೈಡ್ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯನ್ನು ಕೆರಳಿಸುತ್ತದೆ, ವಪೆಯ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲ ರಾತ್ರಿ ಅದೇ ಜಾಗದಲ್ಲಿ ನೋವು ಎದ್ದಾಗ ಕಲ್ಲು ಒಳಗೇ ಉಳಿದಿದೆಯೆಂದು ಗಾಬರಿಯಾದೆ. ನಡೆದಾಡಿದಷ್ಟೂ ತಗ್ಗಿತು, ಮೂರನೆಯ ದಿನಕ್ಕೆ ಹೋಯಿತು. ಕೆಲವು ವಾರ ಭಾರ ಎತ್ತಬಾರದೆಂದಿದ್ದರು, ಮಗಳಾಗಲೇ ಏಳು ಕಿಲೋ. ಹಾಗಾಗಿ ನಾನು ಕುಳಿತಲ್ಲಿಗೆ ಅವಳನ್ನು ತಂದುಕೊಡುವುದು ಅಮ್ಮನ ಕೆಲಸವಾಯಿತು. ಪಿತ್ತಕೋಶವಿಲ್ಲದ ಮೇಲೆ ಪಿತ್ತರಸ ಸಂಗ್ರಹವಾಗದೆ ಕರುಳಿಗೆ ತೊಟ್ಟಿಕ್ಕುತ್ತಲೇ ಇರುತ್ತದೆ. ಮೊದಲ ತಿಂಗಳು ಜಿಡ್ಡು ತಿಂದರೆ ಶೌಚಾಲಯಕ್ಕೆ ಓಡಬೇಕಾಗುತ್ತಿತ್ತು, ಬರಬರುತ್ತಾ ಅದೂ ನಿಂತಿತು.

ಆಸ್ಪತ್ರೆಯವರು ಕಲ್ಲುಗಳನ್ನು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಟ್ಟಿದ್ದರು. ಎಣಿಸಿದರೆ ಹನ್ನೊಂದು, ಹಳದಿಗಂದು ಬಣ್ಣ, ಒಂದಕ್ಕೊಂದು ಉಜ್ಜಿ ಮೈಯೆಲ್ಲ ಚಪ್ಪಟೆ ಮುಖಗಳು. ಮನೆಗೆ ಬಂದ ಮರುವಾರ ಯಾರಿಗೋ ತೋರಿಸಲೆಂದು ಡಬ್ಬಿ ಅಲುಗಾಡಿಸಿದೆ. ಚಾಪೆಯ ಮೇಲೆ ಕವುಚಿ ಮಲಗಿದ್ದ ಮಗಳು ಆ ಸದ್ದಿಗೆ ತಲೆಯೆತ್ತಿ, ತನ್ನ ಗಿಲಕಿಯನ್ನು ಕೈಬಿಟ್ಟು, ಇದು ಬೇಕೆಂದು ಎರಡೂ ಕೈ ಚಾಚಿದಳು. ಪತಿ ಡಬ್ಬಿಯನ್ನು ಕಪಾಟಿನ ಮೇಲಿನ ಹಲಗೆಯಲ್ಲಿಟ್ಟರು. ಅವಳು ಅರ್ಧ ಗಂಟೆ ಅತ್ತಳು.