ರಾಪಾ ನುಯಿಗೆ ಹೋಗೋರು ಹೇಗೆ ಪ್ಲ್ಯಾನ್ ಮಾಡ್ಬೇಕು

ಈಸ್ಟರ್ ಐಲ್ಯಾಂಡ್ ಅಂತ ಫೋಟೋದಲ್ಲಿ ನೋಡಿರ್ತೀರಲ್ಲ, ಮೋಆಯ್ ಅನ್ನೋ ದೊಡ್ಡ ದೊಡ್ಡ ಕಲ್ಲಿನ ಪ್ರತಿಮೆಗಳು ಇರೋದು, ಅದೇ ರಾಪಾ ನುಯಿ. ಟಿಕೆಟ್ ನೋಡೋಕ್ ಮುಂಚೆ ಒಂದ್ಸಲ ಮ್ಯಾಪ್ ನೋಡಿ. ಚಿಲಿಗೆ ಸೇರಿದ್ದೇ, ಆದ್ರೆ ಚಿಲಿ ತೀರದಿಂದ ಸುಮಾರು 3,500 ಕಿ.ಮೀ. ದೂರ, ಜನ ಇರೋ ಹತ್ತಿರದ ದ್ವೀಪ ಪಿಟ್‌ಕೇರ್ನ್ ಕೂಡ 2,000 ಕಿ.ಮೀ. ಆಸುಪಾಸು. ಸಾಂಟಿಯಾಗೋದಿಂದ ಫ್ಲೈಟಲ್ಲಿ ಐದು ಗಂಟೆ ಮೇಲಾಗುತ್ತೆ.

ರಿಟರ್ನ್ ಟಿಕೆಟ್, ರಿಜಿಸ್ಟರ್ ಆಗಿರೋ ಲಾಡ್ಜಲ್ಲಿ ಬುಕಿಂಗ್ (ಇಲ್ಲಾಂದ್ರೆ ಅಲ್ಲಿಯೋರ ಆಹ್ವಾನ ಪತ್ರ), ಆನ್‌ಲೈನ್ ಫಾರ್ಮ್, ಇಷ್ಟೂ ಹೊರಡೋಕ್ ಮುಂಚೆನೇ ಬೇಕು. 2018ರಿಂದ ಟೂರಿಸ್ಟ್‌ಗಳಿಗೆ 30 ದಿನ ಅಷ್ಟೇ. ವೀಸಾ ವಿಷ್ಯ ಚಿಲಿ ಎಂಬೆಸಿಲೇ ಕೇಳ್ಕೊಳ್ಳಿ.

ಮೋಆಯ್ ಇರೋ ನ್ಯಾಷನಲ್ ಪಾರ್ಕ್ ಟಿಕೆಟನ್ನ ಸ್ಥಳೀಯರ ಸಂಸ್ಥೆ ಮಾವು ಹೆನುವಾ ಕೊಡುತ್ತೆ, ಲೋಕಲ್ ಗೈಡ್ ಇರ್ಲೇಬೇಕು. ದುಡ್ಡು ಉಳಿಸೋ ಜಾಗ ಇದಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರೆ 1862ರಲ್ಲಿ ಪೆರುವಿನ ಗುಲಾಮಗಿರಿ ಹಡಗುಗಳು ಬಂದು ಜನರನ್ನ ಹಿಡ್ಕೊಂಡು ಹೋದ್ವು, ಆಮೇಲೆ ಕಾಯಿಲೆ ಬಂತು, 1877ರ ಹೊತ್ತಿಗೆ ಉಳಿದಿದ್ದು 111 ಜನ, ಈಗಿರೋ ರಾಪಾ ನುಯಿ ಜನ ಆ ಉಳಿದೋರ ವಂಶದೋರು, ಅವರ ಊರಿನ ಕಥೆ ಅವರ ಬಾಯಿಂದಾನೇ ಕೇಳ್ಬೇಕು.

ಮೋಆಯ್ ಕೆತ್ತಿದ ರಾನೋ ರರಾಕು ಕ್ವಾರಿಗೆ ಒಂದು ಟಿಕೆಟ್‌ನಲ್ಲಿ ಒಂದೇ ಸಲ ಎಂಟ್ರಿ, ಜ್ವಾಲಾಮುಖಿ ಅಂಚಲ್ಲಿರೋ ಹಳೇ ಹಳ್ಳಿ ಓರೊಂಗೋಗೂ ಹಂಗೇ. ಅದಕ್ಕೆ ಬಂದಿಳಿದ ಸುಸ್ತಲ್ಲಿ ಹೋಗ್ಬೇಡಿ, ಮೊದ್ಲು ಮೋಆಯ್ ನಿಂತಿರೋ ಅಹು ಆಕಿವಿ, ಕೆಂಪು ಕಲ್ಲಿನ ಪೂನಾ ಪಾವು ನೋಡ್ಕೊಂಡು, ಒಂದಿಡೀ ಬೆಳಗ್ಗೆ ಕ್ವಾರಿಗೇ ಇಟ್ಕೊಳ್ಳಿ. ಜ್ವಾಲಾಮುಖಿ ಬೂದಿ ಗಟ್ಟಿಯಾಗಿ ಆದ ಕಲ್ಲು ಅದು, ಬಸಾಲ್ಟ್ ಉಳಿಯಿಂದ ಕೆತ್ತೋಕೆ ಆಗೋದೇ ಅದಕ್ಕೆ. ಸುಮಾರು 400 ಮೋಆಯ್ ಅಲ್ಲೇ ಉಳ್ಕೊಂಡಿವೆ. ಕೆಲವಕ್ಕೆ ಮೂಗು, ತುಟಿ, ಹೊಟ್ಟೆ ಮೇಲಿಟ್ಟ ಕೈ, ಬೆರಳು ಎಲ್ಲಾ ಆಗಿದೆ, ಬೆನ್ನು ಮಾತ್ರ ಇನ್ನೂ ಬಂಡೆಗೇ ಸೇರ್ಕೊಂಡಿದೆ. ಅಲ್ಲಿ ಅವಸರ ಮಾಡ್ಬೇಡಿ, ಒಂದೊಂದರ ಮುಂದೂ ನಿಂತು ನೋಡಿ. 2022ರ ಬೆಂಕಿಲಿ ಇಲ್ಲಿನ ಮೋಆಯ್‌ಗಳಿಗೆ ಏಟು ಬಿದ್ದಿದೆ, ದಾರಿ ಬಿಟ್ಟು ಹೋಗ್ಬೇಡಿ, ಮುಟ್ಲೂಬೇಡಿ.

ಮೋಆಯ್ ನಿಲ್ಸಿರೋ ಕಲ್ಲಿನ ಜಗಲಿಗೆ ಅಹು ಅಂತಾರೆ. ಹಿರಿಯರನ್ನ ಮಣ್ಣು ಮಾಡಿರೋ ಜಾಗ ಅದು, ಸೆಲ್ಫಿಗೋಸ್ಕರ ಹತ್ತಲೇಬಾರದು.

15 ಮೋಆಯ್ ಇರೋ ಅಹು ತೊಂಗಾರಿಕಿಗೆ ಸೂರ್ಯ ಹುಟ್ಟೋ ಹೊತ್ತಿಗೆ ಹೋಗಿ. 1960ರ ಸುನಾಮಿ ಅಲ್ಲಿನ ಮೋಆಯ್‌ಗಳನ್ನ ಒಳನಾಡಿಗೆ ಎಸೆದಿತ್ತು, 1990ರ ದಶಕದಲ್ಲಿ ಜಪಾನಿಂದ ಕ್ರೇನ್ ತರಿಸಿ 15ನ್ನೂ ಎತ್ತಿ ನಿಲ್ಸಿದ್ರು. ಗೇಟ್ ಎಷ್ಟೊತ್ತಿಗೆ ತೆಗೀತಾರೆ ಅಂತ ಹಿಂದಿನ ದಿನ ಸಂಜೆನೇ ಗೈಡ್ ಹತ್ರ ಕೇಳಿಟ್ಕೊಳ್ಳಿ.