ನಿಮ್ಮದ ರೋಲ್‌ಪ್ಲೇಯಿಂಗ್ ಆಟ ಕಟ್ಟೋದು ಹೆಂಗ: ರೂಲ್ಸ್ ಹುಟ್ಟಿದ ಸಾಲಿನ್ಯಾಗ ಹೋಗ್ರಿ

ರೋಲ್‌ಪ್ಲೇಯಿಂಗ್ ಅಂದ್ರ ಒಬ್ಬೊಬ್ರು ಒಂದೊಂದು ಪಾತ್ರ ಆಗಿ, ಕುಂತಲ್ಲೇ ಮಾತು, ದಾಳದಿಂದ ಕಥಿ ಕಟ್ಟೋ ಆಟ. ಅದ್ರಾಗ ಹೆಸರಾದ ಡಂಜನ್ಸ್ ಆಂಡ್ ಡ್ರಾಗನ್ಸ್ ಆಡಾಕ ಆಸೆ ಐತಿ ಆದ್ರ ಆ ದಪ್ಪ ಪುಸ್ತಕ ನೋಡಿ ಕೈಬಿಟ್ಟೀವಿ ಅನ್ನೋರು ನಮ್ಮ ವಿಜಯಪುರದಾಗೂ ಅದಾರ. ಪುಸ್ತಕ ಬದಿಗಿಡ್ರಿ. ಈ ರೂಲ್ಸ್ ಒಮ್ಮಿಗೇ ಹುಟ್ಟಿದ್ದಲ್ಲ, ಒಂದೊಂದು ತೊಡಕು ಬಂದಂಗ ಒಂದೊಂದು ಸೇರ್ಕೊಂತ ಬಂದಾವ, ನೀವೂ ಅದ ಸಾಲಿನ್ಯಾಗ ಕಟ್ಕೊಂತ ಹೋದ್ರ ಒಂದು ಸಂಜಿಗೆ ಸಾಕಾಗೋವಂಥ ಆಟ ಆಗ್ತೈತಿ. ಕಥಿ ನಮ್ಮೂರಿಂದ ಇರ್ಲಿ: 1686, ಔರಂಗಜೇಬನ ಸೈನ್ಯ ಕೋಟಿ ಸುತ್ತ ಕುಂತೈತಿ, ಒಳಗ ಸುಲ್ತಾನ ಸಿಕಂದರ್ ಆದಿಲ್ ಶಾಹ.

ಮೊದಲ ಆಟ ನಡಸಾಕ ಒಬ್ರನ್ನ ಆರಿಸ್ರಿ. 1824ರ ಹೊತ್ತಿಗೆ ಪ್ರಷ್ಯಾ ಸೈನ್ಯದ ರೈಸ್‌ವಿಟ್ಸ್ ತಯಾರಿಸಿದ ಕ್ರೀಗ್‌ಸ್ಪೀಲ್ ಅನ್ನೋ ಯುದ್ಧದಾಟದೊಳಗ ಎರಡೂ ಕಡಿಯವ್ರು ಬರೇ ಆರ್ಡರ್ ಕೊಡೋರು, ಶತ್ರು ಕಂಡ್ನೋ ಇಲ್ಲೋ, ಎಷ್ಟು ಮಂದಿ ಸತ್ರು ಅನ್ನೋದನ್ನ ಅಂಪೈರ್ ದಾಳ ಹಾಕಿ ಹೇಳ್ತಿದ್ದ. ಮುಂದ ಲೆಕ್ಕದ ಕೋಷ್ಟಕ ಕಾಟ ಆದವು, 1876ರಾಗ ವೆರ್ಡಿ ದು ವೆರ್ನ್ವಾ ಅನ್ನೋ ಅಧಿಕಾರಿ ಅಂಪೈರ್ ತನ್ನ ಅನುಭವದ ಮ್ಯಾಲೆ ತೀರ್ಪು ಕೊಡ್ಲಿ ಸಾಕು ಅಂದ. ನಾನು ಅವನ ಕಡಿ. ಗೆದ್ರೂ ಸೋತ್ರೂ ಕಥಿ ಮುಂದ ಹೋಗುವಂಗಿದ್ರ ಮಾತ್ರ ದಾಳ ಮುಟ್ರಿ, ಉಳದದ್ದು ಮಾತಿನ್ಯಾಗ ಮುಗಸ್ರಿ.

ಆಮ್ಯಾಲೆ ಪಾತ್ರ. 1969ರಾಗ ಅಮೆರಿಕಾದ ಮಿನೆಸೋಟಾದಾಗ ಡೇವಿಡ್ ವೆಸ್ಲಿ ಬ್ರೌನ್‌ಸ್ಟೈನ್ ಅಂತ ಒಂದು ಆಟ ಆಡಿಸಿದ, ಪ್ರತಿಯೊಬ್ಬರಿಗೂ ಸೈನ್ಯ ಕೊಡೋ ಬದಲಿ ಊರಿನ ಮೇಯರ್, ಬ್ಯಾಂಕಿನಾಂವ, ವಿದ್ಯಾರ್ಥಿ ನಾಯಕ ಹಿಂಗ ಪಾತ್ರ ಹಂಚಿದ, ಪ್ರತಿಯೊಬ್ರಿಗೂ ಬ್ಯಾರೆ ಗುರಿ, ಮಂದಿ ಯುದ್ಧ ಬಿಟ್ಟು ತಮ್ಮತಮ್ಮೊಳಗ ಗುಸುಗುಸು ಮಾತು, ಒಪ್ಪಂದ ಸುರು ಮಾಡಿದ್ರು. ರೋಲ್‌ಪ್ಲೇಯಿಂಗ್ ಬೇರು ಅಲ್ಲೇ ಐತಿ. ನೀವೂ ದ್ವಾರದ ಕಾವಲುಗಾರ, ಜ್ವಾಳದ ವ್ಯಾಪಾರಿ, ತೋಪು ಹಾರಸಾಂವ, ಅರಮನಿ ಸೇವಕಿ ಇವರಿಗೆ ಒಂದೊಂದು ಗುಟ್ಟಿನ ಆಸೆ ಚೀಟ್ಯಾಗ ಬರದು ಕೊಡ್ರಿ.

ಜೀವದ ಅಂಕಿ ಸಣ್ಣ ಮಾತು. ಡೇವ್ ಆರ್ನೆಸನ್ ತನ್ನ ಬ್ಲ್ಯಾಕ್‌ಮೂರ್ ಆಟದಾಗ ಒಂದ ಏಟಿಗೆ ಪಾತ್ರ ಸಾಯೋದು ಆಟಗಾರರಿಗೆ ಸೇರಂಗಿಲ್ಲ ಅಂತ ಕಂಡ್ಕೊಂಡು ಹಿಟ್ ಪಾಯಿಂಟ್ ತಂದ, ಅಂದ್ರ ಏಟು ಬಿದ್ದಂಗ ಕಡಿಮಿ ಆಗೋ ಜೀವದ ಅಂಕಿ, 1974ರಾಗ ಗ್ಯಾರಿ ಗೈಗ್ಯಾಕ್ಸ್ ಜೋಡಿ ಹೊರತಂದ ಡಂಜನ್ಸ್ ಆಂಡ್ ಡ್ರಾಗನ್ಸ್ ಅದನ್ನ ಎಲ್ಲಾ ಕಡಿ ಹಬ್ಬಿಸ್ತು. ನಿಮಗ ಒಬ್ಬರಿಗೆ 5 ಸಾಕು.

ಇಲ್ಲಿ ಸ್ವಲ್ಪ ನಿಂದ್ರಬೇಕು, ಯಾಕಂದ್ರ ದಾಳ ಬದಲಾದ್ರ ಆಟದ ಸ್ವಭಾವನ ಬದಲಾಗ್ತೈತಿ. 20 ಮುಖದ ದಾಳದಾಗ ಪ್ರತಿ ಅಂಕಿಗೂ 5% ಅವಕಾಶ, ಹಂಗಾಗಿ ಕಸುಬುದಾರನೂ ಸುಮ್ಮನ ಸೋಲ್ತಾನ. 2 ಲೂಡೊ ದಾಳ ಕೂಡಿಸಿದ್ರ 36 ರೀತಿ ಬೀಳ್ತಾವ, ಅದ್ರಾಗ 6 ರೀತಿ 7, ನಡುವಿನ ಅಂಕಿಗಳ ಹೆಚ್ಚು. 2010ರ ಅಪೋಕ್ಯಾಲಿಪ್ಸ್ ವರ್ಲ್ಡ್ ಅನ್ನೋ ಆಟ ಇದನ್ನ ಭಾಳ ಚಂದ ಬಳಸ್ಕೊಂಡೈತಿ: 10 ಇಲ್ಲಾ ಅದಕ್ಕಿಂತ ಹೆಚ್ಚು ಬಂದ್ರ ಪೂರ್ತಿ ಗೆಲುವು, 7ರಿಂದ 9 ಬಂದ್ರ ಗೆಲುವು ಆದ್ರ ಬೆಲೆ ತೆರಬೇಕು, 6 ಇಲ್ಲಾ ಅದಕ್ಕಿಂತ ಕಡಿಮಿ ಬಂದ್ರ ಕೆಡಕು. ಅವಕಾಶ 36ರಾಗ 6, 15, 15. ಪಾತ್ರದ ಕಸುಬಿಗೆ +1 ಕೊಟ್ರ 10, 16, 10 ಆಗ್ತೈತಿ. ರಾತ್ರಿ ಕೋಟಿ ದಾಟಿ ಹೋದ ವ್ಯಾಪಾರಿಗೆ 8 ಬಿತ್ತು ಅನ್ರಿ, ಜ್ವಾಳದ ಚೀಲ ಸಿಕ್ಕವು, ಆದ್ರ ಕಾವಲುಗಾರ ನೋಡ್ಯಾನ, ಈಗ ಅವನ ಬಾಯಿ ಮುಚ್ಚಸಬೇಕು. ಒಂದು ದಾಳದಿಂದ ಮುಂದಿನ ದೃಶ್ಯ ತಾನಾಗೆ ಹುಟ್ಟಿತು ನೋಡ್ರಿ! ಚೌಕಾಬಾರದ ಕವಡಿ ಬಳಸೋಣು ಅನಸ್ತೈತಿ ಖರೆ, ಆದ್ರ ಒಂದೊಂದು ಕವಡಿ ಒಂದೊಂದು ನಮೂನಿ ಬೀಳ್ತೈತಿ, ಈ ಲೆಕ್ಕ ಹಿಡಿಯಂಗಿಲ್ಲ.

ಕಡೀಕ ನಿಮ್ಮ ಕಥಿಗಂತ ಒಂದ ಒಂದು ಅಂಕಿ ಇಡ್ರಿ. 1981ರ ಕಾಲ್ ಆಫ್ ಕ್ತುಲ್ಹು ಅನ್ನೋ ಅಂಜಿಕಿ ಆಟ ಬುದ್ಧಿ ಸ್ಥಿಮಿತಕ್ಕ ಅಂಕಿ ಇಟ್ಟಿದ್ದಕ್ಕ ಆಟಗಾರರು ದೆವ್ವಕ್ಕ ಖರೇನ ಅಂಜಾಕ ಸುರು ಮಾಡಿದ್ರು, ಯಾವುದಕ್ಕ ಅಂಕಿ ಇಡ್ತೀರಿ ಮಂದಿ ಅದನ್ನ ಕಾಯ್ತಾರ. ನಮ್ಮ ಕಥಿಗೆ ಅದು ನೀರು. ತಾಜ್ ಬಾವಡಿ ನೀರು 10ರಿಂದ ಸುರು ಮಾಡ್ರಿ, ಆಟದಾಗ ಒಂದು ದಿನ ಕಳದ್ರ 1 ಕಡಿಮಿ, ಯಾರರೆ 6 ಇಲ್ಲಾ ಅದಕ್ಕಿಂತ ಕಡಿಮಿ ಹಾಕಿದ್ರ ಇನ್ನ 1. ಹಾಳಿ ಮ್ಯಾಲೆ ದೊಡ್ಡದಾಗಿ ಬರದು ಎಲ್ಲರಿಗೂ ಕಾಣುವಂಗ ನಡುವ ಇಡ್ರಿ. 0 ಆದ್ರ ಬಾಗಲಾ ತಗೀಬೇಕೋ ಬ್ಯಾಡೋ ಅಂತ ಪಾತ್ರಗಳು ತಾವ ತೀರ್ಮಾನ ಮಾಡ್ಲಿ, ಇತಿಹಾಸದಾಗ ಆ ವರ್ಷ ಸೆಪ್ಟೆಂಬರ್‌ದಾಗ ಊರು ಶರಣಾತು ಅಂತ ನಿಮ್ಮ ಆಟದಾಗೂ ಹಂಗ ಆಗಬೇಕಂತೇನಿಲ್ಲ. ಆಟಗಾರರು 4 ಮಂದಿ ಇದ್ರ ಚಲೋ, ಆಟ ಮುಗದ ಮ್ಯಾಲೆ ಆವತ್ತು ಯಾರೂ ಬಳಸದ ರೂಲ್ ಇದ್ರ ಹೊಡದು ಹಾಕಿ ಮುಂದಿನ ಸಲ ಅದಿಲ್ದ ಆಡ್ರಿ.